ಪೆಟ್ರೋಲ್ ಪೈಪಿಗೆ ಇಟ್ಟ ಬಾಯಿ

ನಮ್ಮ ದೊಡ್ಡಪ್ಪನ ಲಾನ್ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮಲ್ಲಂದೂರು ದಾಟಿ ಇನ್ನೂ ಮೇಲಕ್ಕೆ, ಕಾರನ್ನು ಮೊದಲನೇ ಗೇರಿನಿಂದ ಬದಲಿಸಲು ಬಿಡದ ಏರು ಹತ್ತಿದರೆ ಅವರ ಎಸ್ಟೇಟು. ಬಂಗಲೆಯ ಎದುರಿಗೆ ನಮ್ಮ ತಾತ ನೆಟ್ಟ ಅರೇಬಿಕಾ ಗಿಡಗಳಿದ್ದವು. ಅವನ್ನು ಬೇರು ಸಮೇತ ಕೀಳಿಸಿ, ನೆರಳಿಗೆ ನಿಂತ ಮರಗಳನ್ನೂ ಉರುಳಿಸಿ, ಅಲ್ಲಿ ಹುಲ್ಲು ಹಾಸಿದ್ದಾರೆ. ಆ ಹುಲ್ಲನ್ನು ದನ ಮೇಯುವ ಹಾಗಿಲ್ಲ, ಆಳುಗಳ ಲೈನ್ ಮನೆಯ ಮಕ್ಕಳು ತುಳಿಯುವ ಹಾಗಿಲ್ಲ. ಮದುವೆಗೆ ಮುಂಚೆ ಫೋಟೊ ತೆಗೆಸಿಕೊಳ್ಳುವ ಜೋಡಿಗಳು ಮಾತ್ರ ಬಂದು, ಬರಿಗಾಲಲ್ಲಿ ಓಡಿ, ಒಬ್ಬರನ್ನೊಬ್ಬರು ಎತ್ತಿ ತಿರುಗಿಸಿ, ಕಾಲಿಗೆ ಹತ್ತಿದ ಜಿಗಣೆ ನೋಡಿ ಕಿರುಚಿಕೊಂಡು ಹೋಗುತ್ತಾರೆ. ಕಾಫಿ ಹಣ್ಣು ಕೊಯ್ಯುವ ಹೆಂಗಸರು ಗಿಡದ ಸಂದಿಯಲ್ಲಿ ನಿಂತು ಅದನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾರೆ.

ಈ ಹುಲ್ಲನ್ನು ಕತ್ತರಿಸುವ ಮಷಿನ್ ಕೊಟ್ಟವಳು ನಾನೇ. ಚಿಕ್ಕಮಗಳೂರಿನಲ್ಲಿ ನಮ್ಮ ಮನೆಯ ಮಷಿನ್ ಅಂಗಡಿಯನ್ನು ನಾನು ನೋಡಿಕೊಳ್ಳುತ್ತೇನೆ. ಕಳೆ ಹೊಡೆಯುವ ಮಷಿನ್, ಔಷಧಿ ಹೊಡೆಯುವ ಪಂಪು, ಲಾನ್ ಮೋವರ್, ಎಲ್ಲವನ್ನೂ ಮಾರುವುದೂ ನಾನೇ, ಬಿಚ್ಚಿ ಸರಿ ಮಾಡುವುದೂ ನಾನೇ. ಅದಕ್ಕೆಂದೇ ಡಿಪ್ಲೊಮಾ ಓದಿದ್ದೇನೆ. ಗ್ರೀಸು, ಮಸಿ, ಸುಟ್ಟ ಆಯಿಲ್, ಯಾವುದೂ ನನಗೆ ಅಸಹ್ಯವಲ್ಲ. ಅಸಹ್ಯವೆಂದರೆ ಏನೆಂದು ತೋರಿಸಿಕೊಟ್ಟಿದ್ದು ದೊಡ್ಡಪ್ಪನ ಶೆಡ್ಡಿನ ಮೊಳೆಗೆ ನೇತುಹಾಕಿದ್ದ ಒಂದು ಹಸಿರು ಪೈಪಿನ ತುಂಡು.

ಬಂಕಿನಲ್ಲಿ ಡಬ್ಬಿಗೆ ಪೆಟ್ರೋಲ್ ಹಾಕುವುದಿಲ್ಲ. ಹಾಗಾಗಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಯೋಗೇಶ್ ಸ್ಕೂಟರನ್ನು ಪೇಟೆಗೆ ಒಯ್ದು ಟ್ಯಾಂಕು ತುಂಬಿಸಿಕೊಂಡು ಬರುತ್ತಾನೆ. ಸೀಟು ಎತ್ತಿ, ಟ್ಯಾಂಕಿಗೆ ಪೈಪಿನ ಒಂದು ತುದಿ ಇಳಿಬಿಟ್ಟು, ಇನ್ನೊಂದು ತುದಿಗೆ ಬಾಯಿ ಇಟ್ಟು ಎಳೆದು, ಪೆಟ್ರೋಲ್ ಬಾಯಿಗೆ ಬಂದ ತಕ್ಷಣ ಪೈಪನ್ನು ಡಬ್ಬಿಗೆ ಬಿಡಬೇಕು. ಆ ಬಾಯಿ ಬೆಳ್ಳಿಯಪ್ಪನದು. ಅವನು ಲಾನ್ ನೋಡಿಕೊಳ್ಳುವ ಆಳು. ಹೆಂಡತಿ ಜವರಮ್ಮ ತೋಟದಲ್ಲಿ ಹಣ್ಣು ಕೊಯ್ಯುತ್ತಾಳೆ. ಇಬ್ಬರೂ ಮದುವೆಯಾದಂದಿನಿಂದ ಇದೇ ತೋಟದ ಲೈನ್ ಮನೆಯಲ್ಲಿದ್ದಾರೆ. ಪೈಪಿನ ತುದಿಯಲ್ಲಿ ಅವನ ಹಲ್ಲಿನ ಗುರುತು ಸಾಲಾಗಿ ಮೂಡಿತ್ತು. ಒಮ್ಮೆ ಅದನ್ನು ನೋಡಿದವಳು ನಾನು ಎರಡು ದಿನ ನೆಟ್ಟಗೆ ಊಟ ಮಾಡಲಿಲ್ಲ.

ಅದಕ್ಕೆ ಅಂಗಡಿಯಿಂದ ಒಂದು ಕೈಪಂಪು ಒಯ್ದು ಬೆಳ್ಳಿಯಪ್ಪನ ಕೈಗೇ ಕೊಟ್ಟಿದ್ದೆ. ಕೈಯಲ್ಲಿ ಹಿಸುಕಿದರೆ ಪೆಟ್ರೋಲ್ ತಾನಾಗಿ ಬರುವ ಸಣ್ಣ ಸಾಮಾನು, ದುಡ್ಡೂ ಕೇಳಿರಲಿಲ್ಲ. ಆ ವಾರವೇ ಯೋಗೇಶ್ ಅದನ್ನು ತಂದು ನನ್ನ ಮೇಜಿನ ಮೇಲಿಟ್ಟ.

"ಸಾವ್ಕಾರ್ರು ಬೇಡ ಅಂದ್ರು ಮೇಡಂ."

"ಯಾಕಂತೆ?"

ಯೋಗೇಶ್ ನಗು ತಡೆದುಕೊಂಡು ಹೇಳಿದ. "ಅವ್ನಿಗೆ ಬಾಯಿ ಇದ್ಯಲ್ಲ, ಪಂಪ್ ಎಂತಕ್ಕೆ ಅಂದ್ರು."

ಪಂಪನ್ನು ಕಾರಿನ ಡಿಕ್ಕಿಗೆ ಎಸೆದೆ. ಅದು ಅಲ್ಲೇ ಬಿದ್ದಿತ್ತು.

ಡಿಸೆಂಬರಿನಲ್ಲಿ, ಕೊಯ್ಲು ಜೋರಾಗಿದ್ದಾಗ, ದೊಡ್ಡಪ್ಪ ಫೋನ್ ಮಾಡಿದರು. ಮಷಿನ್ ಕಪ್ಪು ಹೊಗೆ ಉಗುಳುತ್ತಿದೆ, ಮಧ್ಯಾಹ್ನ ಹಾಸನದಿಂದ ಫೋಟೊದವರು ಬರುತ್ತಾರೆ, ಅಷ್ಟರೊಳಗೆ ಹುಲ್ಲು ಕತ್ತರಿಸಿರಬೇಕು, ಬೇಗ ಬಾ ಎಂದರು. ಇಷ್ಟು ಹೇಳಿ ಇಡಬಹುದಿತ್ತು. ಇಡಲಿಲ್ಲ. "ಇವತ್ತು ಇನ್ನೊಂದು ಕೆಲ್ಸನೂ ಮುಗಿಸ್ತೀನಿ. ಕಳ್ಳನ್ನ ಹಿಡ್ದಿದೀನಿ" ಎಂದು ಸಿಹಿ ಹಂಚುವವರ ದನಿಯಲ್ಲಿ ಹೇಳಿದರು.

ನಾನು ಹೋಗುವಷ್ಟರಲ್ಲಿ ದೊಡ್ಡಪ್ಪ ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ಜಗುಲಿಯಲ್ಲಿ ಕಾಫಿ ಕುಡಿಯುತ್ತಿದ್ದರು. ಸೋಮಶೇಖರಪ್ಪ ಎಂದರೆ ಆ ಸುತ್ತಿನಲ್ಲಿ ದೊಡ್ಡ ಹೆಸರು. ಆ ಹೆಸರಿನ ಭಾರದಲ್ಲಿ ಕುರ್ಚಿಯೂ ಕಿರುಗುಟ್ಟುತ್ತಿತ್ತು.

"ಮಂಗ್ಳೂರಲ್ಲಿ ಅಳಿಯನ ಮನೇಲೂ ಇದೇ ಮಷಿನ್ನು, ಲಾನೂ ಇಷ್ಟೇ ಅಗಲ. ನೀನೇ ಕೊಟ್ಟಿದ್ದಲ್ವಾ? ಅಲ್ಲಿ ಕುಡಿಯೋದಕ್ಕಿಂತ ಇಲ್ಲಿ ಒಂದೂವರೆ ಪಾಲು ಪೆಟ್ರೋಲ್ ಕುಡಿತಾ ಇದೆ. ಅದೂ ಜೋರಿನ ಪೆಟ್ರೋಲು! ಬಂಕಲ್ಲಿ ಅದಕ್ಕೇ ಬೇರೆ ಪಂಪು. ಉಳಿದಿದ್ದು ಎಲ್ಲಿ ಹೋಗತ್ತೆ ಹೇಳು?"

"ಜೋರಿನ ಪೆಟ್ರೋಲ್ ಎಂತಕ್ಕೆ ದೊಡ್ಡಪ್ಪ? ನಾನು ಬೇಡ ಅಂದಿದ್ನಲ್ಲ."

"ಇಲ್ಲಿ ಗಾಳಿ ತೆಳು ಮಾರಾಯ್ತಿ. ಇಂಜಿನ್ನಿಗೆ ತ್ರಾಣ ಬೇಡ್ವಾ? ಅಳಿಯ ಹೇಳಿದ್ದು."

ಅಳಿಯ ಚಿನ್ನದ ಅಂಗಡಿ ಇಟ್ಟವನು. ಇಂಜಿನ್ನಿನ ವಿಷಯದಲ್ಲಿ ನಮ್ಮ ಮನೆಯವರೆಲ್ಲ ಅವನನ್ನೇ ಕೇಳುತ್ತಾರೆ. ಗುಡ್ಡದ ಮೇಲೆ ಗಾಳಿ ತೆಳು ಎನ್ನುವುದು ನಿಜ; ಆದರೆ ಗಾಳಿ ತೆಳುವಾದಲ್ಲಿ ಇಂಜಿನ್ನಿಗೆ ದುಬಾರಿ ಪೆಟ್ರೋಲ್ ಬೇಡ, ಕಡಿಮೆ ಪೆಟ್ರೋಲ್ ಬೇಕು. ಒಲೆಗೆ ಊದುವ ಗಾಳಿ ಕಡಿಮೆಯಾದಾಗ ಸೌದೆ ಇನ್ನಷ್ಟು ತುರುಕಿದರೆ ಏನಾಗುತ್ತದೆಂದು ಅಡುಗೆ ಮನೆಗೆ ಹೋದ ಯಾರಿಗಾದರೂ ಗೊತ್ತು. ದೊಡ್ಡಪ್ಪ ಅಡುಗೆ ಮನೆಗೆ ಹೋದವರಲ್ಲ.

"ಬೆಳ್ಳಿಯಪ್ಪ ಕದ್ದ ಅಂತ ನೋಡಿದವ್ರು ಇದಾರಾ?"

"ನೋಡೋದೆಂತಕ್ಕೆ? ಇವತ್ತು ಚೌಡಿ ಮುಂದೆ ಆಣೆ ಮಾಡಿಸ್ತೀನಿ. ದೀಪ ಹಚ್ಚೋ ಕೆಂಚಯ್ಯಂಗೆ ಹೇಳಾಗಿದೆ. ಕಾಯಿ, ಬತ್ತಿ, ಎಲ್ಲಾ ತರ್ಸಾಗಿದೆ."

ತೋಟದ ಅಂಚಿನಲ್ಲಿ ಒಂದು ಹಳೆಯ ಮರದ ಬುಡದಲ್ಲಿ ತೋಟ ಕಾಯುವ ದೇವತೆ ಚೌಡಿಯ ಕಲ್ಲಿದೆ. ಆಳುಗಳ ನಡುವೆ ಏನೇ ತಕರಾರು ಬಂದರೂ ಅಲ್ಲಿಗೆ ಹೋಗುತ್ತದೆ. ಆಪಾದನೆ ಹೊತ್ತವನು ಒದ್ದೆ ಬಟ್ಟೆಯಲ್ಲಿ ನಿಂತು, ದೀಪದ ಮೇಲೆ ಅಂಗೈ ಹಿಡಿದು, ಎದುರಿನವರು ಹೇಳಿಕೊಟ್ಟ ಮಾತನ್ನು ಅಕ್ಷರ ಬಿಡದೆ ಹೇಳಬೇಕು. ಹೇಳಿದರೆ ಅಲ್ಲಿಗೆ ಮುಗಿಯಿತು, ಮತ್ತೆ ಯಾರೂ ಆ ಮಾತು ಎತ್ತುವ ಹಾಗಿಲ್ಲ. ಹೇಳದಿದ್ದರೆ ಕಳ್ಳ. ಕಳ್ಳನೆಂದು ಒಂದು ತೋಟ ಬಿಟ್ಟವನಿಗೆ ಇನ್ನೊಂದು ತೋಟದಲ್ಲಿ ಲೈನ್ ಮನೆ ಸಿಗುವುದಿಲ್ಲ. ಮಾತು ಅವನಿಗಿಂತ ಮೊದಲೇ ಅಲ್ಲಿಗೆ ಮುಟ್ಟಿರುತ್ತದೆ. ವರ್ಷಕ್ಕೊಮ್ಮೆ ಆಳುಗಳು ಚೌಡಿಗೆ ಕೋಳಿ ಕೊಡುವಾಗ ದೊಡ್ಡಪ್ಪ ಮುಖ ತಿರುಗಿಸಿ ದೂರ ನಿಲ್ಲುತ್ತಾರೆ, ನಾವು ಲಿಂಗಾಯತರು, ನಮಗೆ ಅದೆಲ್ಲ ಆಗದು ಎನ್ನುತ್ತಾರೆ. ಆದರೆ ಆಳಿನ ಬಾಯಿ ಬಿಡಿಸಬೇಕಾದಾಗ ಅದೇ ಚೌಡಿ ಇವರಿಗೂ ಬೇಕು.

ಶೆಡ್ಡಿನಲ್ಲಿ ಬೆಳ್ಳಿಯಪ್ಪ ಮಷಿನ್ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಆಗಲೇ ತಲೆಗೆ ನೀರು ಹುಯ್ದುಕೊಂಡು ಬಂದಿದ್ದ; ಆ ಚಳಿಯಲ್ಲಿ ಒದ್ದೆ ಪಂಚೆ ಮೈಗೆ ಅಂಟಿತ್ತು.

"ಆಣೆ ಮಧ್ಯಾಹ್ನ ಅಲ್ವಾ ಬೆಳ್ಳಿಯಪ್ಪ? ಈಗ್ಲೇ ಯಾಕೆ ನೆನೆದಿದೀಯ?"

"ಮನ್ಸು ನಿಲ್ತಿಲ್ಲ ಭುವನಮ್ಮ. ಕುಂತ್ರೂ ಆಗಲ್ಲ, ನಿಂತ್ರೂ ಆಗಲ್ಲ. ಮಷಿನ್ ಎಷ್ಟ್ ಕುಡಿತದೋ ನಂಗೊತ್ತಿಲ್ಲ. ಡಬ್ಬಿ ಖಾಲಿ ಆಗ್ತದೆ, ಅಷ್ಟೇ ಗೊತ್ತು."

ಇಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಬಿಚ್ಚಿದೆ. ಮಸಿಯಲ್ಲಿ ಅದ್ದಿ ತೆಗೆದ ಹಾಗಿತ್ತು. ಅದನ್ನು ನಾನು ನಿರೀಕ್ಷಿಸಿದ್ದೆ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರನ್ನು ಸಮುದ್ರದ ಪಕ್ಕದ ಗಾಳಿಗೆ ಎಂದು ಮಾಡಿರುತ್ತಾರೆ; ಅದು ಮಂಗಳೂರಿನಲ್ಲಿ ಎಷ್ಟು ಪೆಟ್ರೋಲ್ ಸುರಿಯುತ್ತದೋ ಗುಡ್ಡದ ಮೇಲೂ ಅಷ್ಟೇ ಸುರಿಯುತ್ತದೆ. ಗಾಳಿ ಮಾತ್ರ ಅಷ್ಟು ಸಿಗುವುದಿಲ್ಲ. ಉರಿಯದೆ ಉಳಿದ ಪೆಟ್ರೋಲ್ ಹೊಗೆಯಾಗಿ, ಮಸಿಯಾಗಿ ಹೋಗುತ್ತದೆ. ಇಂಜಿನ್ನಿಗೆ ಬಲವಿಲ್ಲದೆ ಒಂದೇ ಜಾಗವನ್ನು ಎರಡೆರಡು ಸಲ ಕತ್ತರಿಸಬೇಕಾಗುತ್ತದೆ. ಮಂಜಿನ ನೀರು ಕುಡಿದು ಬೆಳೆದ ಈ ದಪ್ಪ ಹುಲ್ಲು ಬೇರೆ. ಹಾಗಂತ ಒಂದೂವರೆ ಪಾಲೇ? ಅಲ್ಲಿ ನನಗೆ ಅನುಮಾನ ಬಂತು. ಮಸಿ ಒರೆಸಿ ಕಾರ್ಬೊರೇಟರಿನ ಪಕ್ಕಕ್ಕೆ ಟಾರ್ಚ್ ಬಿಟ್ಟೆ.

ಚೋಕಿನ ಹಿಡಿಯನ್ನು ಯಾರೋ ಅರ್ಧಕ್ಕೆ ಎಳೆದು, ತಂತಿ ಸುತ್ತಿ, ಬಿಗಿಯಾಗಿ ಗಂಟು ಹಾಕಿದ್ದರು. ಚೋಕ್ ಎಂದರೆ ಇಂಜಿನ್ನಿನ ಮೂಗು ಹಿಡಿಯುವ ಸಾಧನ. ಚಳಿಯಲ್ಲಿ ಮೊದಲು ಸ್ಟಾರ್ಟ್ ಮಾಡುವಾಗ ಒಂದು ಗಳಿಗೆ ಗಾಳಿ ತಡೆದು ಪೆಟ್ರೋಲ್ ಹೆಚ್ಚು ಹೋಗಲಿ ಎಂದು ಎಳೆಯುವುದು, ಇಂಜಿನ್ ಓಡಿದ ಕೂಡಲೇ ಬಿಡುವುದು. ಇಲ್ಲಿ ಮೊದಲೇ ತೆಳುವಾದ ಗಾಳಿ, ಅದರ ಮೇಲೆ ಹೊತ್ತುಗಟ್ಟಲೆ ಮೂಗು ಹಿಡಿದೇ ಇಂಜಿನ್ನನ್ನು ಓಡಿಸಿದ್ದರು. ಅದು ಕುಡಿಯದೆ ಏನು ಮಾಡೀತು?

"ಈ ತಂತಿ ಕಟ್ಟಿದ್ದು ಯಾರು?"

ಬೆಳ್ಳಿಯಪ್ಪ ಮೆಲ್ಲಗೆ ಹೇಳಿದ. "ಸಾವ್ಕಾರ್ರೇ ಅಮ್ಮ. ಇಲ್ಲಿ ಚಳಿ ಜಾಸ್ತಿ, ಆಗಾಗ ಆಫ್ ಆಗತ್ತೆ, ಹಿಂಗೇ ಇರ್ಲಿ, ಬಿಚ್ಚಿದ್ರೆ ನೋಡು ಅಂದ್ರು. ನಾನ್ ಮುಟ್ಲಿಲ್ಲ."

ನನಗೆ ನಗು ಬರಲಿಲ್ಲ. ಪೆಟ್ರೋಲ್ ಕಳ್ಳ ಜಗುಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದ. ಇಲ್ಲಿ ಇವನು ಒದ್ದೆ ಬಟ್ಟೆಯಲ್ಲಿ ನಡುಗುತ್ತಿದ್ದ.

ತಂತಿ ಕತ್ತರಿಸಿದೆ. ಪೆಟ್ರೋಲ್ ಹೋಗುವ ತೂತಿರುವ ಸಣ್ಣ ಹಿತ್ತಾಳೆ ಬಿಲ್ಲೆ, ಜೆಟ್ ಎನ್ನುತ್ತೇವೆ, ಅದನ್ನು ತೆಗೆದು ಇನ್ನೂ ಕಿರಿದಾದ ತೂತಿನದನ್ನು ಹಾಕಿದೆ. ಡಬ್ಬಿ ಬಗ್ಗಿಸಿ ನೋಡಿದರೆ ತಳದಲ್ಲಿ ನೀರು ಬೇರೆಯೇ ನಿಂತಿತ್ತು. ಸ್ಕೂಟರಿನಲ್ಲಿದ್ದ, ನೀರು ಹೀರುವ ಎಥನಾಲ್ ಬೆರೆತ ಮಾಮೂಲಿ ಪೆಟ್ರೋಲಿನ ಮೇಲೇ ಆ ದುಬಾರಿ ಪೆಟ್ರೋಲ್ ಸುರಿಸಿಕೊಂಡು ಬರುತ್ತಿದ್ದರು. ಡಬ್ಬಿಯ ತಳದಲ್ಲಿ ಉಳಿದದ್ದು ಮಳೆಗಾಲದಿಂದ ಈ ಶೆಡ್ಡಿನ ತೇವದಲ್ಲಿ ಕೂತು ನೀರು ಹಿಡಿದಿತ್ತು. ಡಬ್ಬಿಯದನ್ನೂ ಮಷಿನ್ ಟ್ಯಾಂಕಿನದನ್ನೂ ಬಸಿದು ದೂರ ಇಟ್ಟೆ. ಯೋಗೇಶನಿಗೆ ಫೋನ್ ಮಾಡಿ, ಮಾಮೂಲಿ ಪೆಟ್ರೋಲನ್ನೇ ಹೊಸದಾಗಿ ತುಂಬಿಸಿಕೊಂಡು ಬಾ ಎಂದೆ. ನನ್ನ ಕಿಟ್ಟಿನ ಸೀಸೆಯಲ್ಲಿದ್ದ ಸ್ವಲ್ಪ ಪೆಟ್ರೋಲ್ ಹಾಕಿ ಹಗ್ಗ ಎಳೆದೆ. ಮಷಿನ್ ಒಂದೇ ಎಳೆತಕ್ಕೆ ಹೊಗೆಯಿಲ್ಲದೆ ಓಡಿತು. ಸೀಸೆಯ ಪೆಟ್ರೋಲ್ ತೀರುವವರೆಗೆ ಬೆಳ್ಳಿಯಪ್ಪ ಅದರ ಸದ್ದು ಕೇಳುತ್ತ ನಿಂತಿದ್ದ.

ತಂತಿಯನ್ನೂ ಪ್ಲಗ್ಗನ್ನೂ ಒಯ್ದು ದೊಡ್ಡಪ್ಪನ ಕಾಫಿ ಲೋಟದ ಪಕ್ಕ ಇಟ್ಟೆ.

"ನಿಮ್ಮ ಕಳ್ಳ ಇಲ್ಲಿದಾನೆ. ಗಾಳಿ ತೆಳು ಇರೋ ಕಡೆ ಚೋಕ್ ಕಟ್ಟಿ ಓಡ್ಸಿದೀರಿ. ಬೆಳ್ಳಿಯಪ್ಪ ಕದ್ದಿಲ್ಲ."

ದೊಡ್ಡಪ್ಪ ಪ್ಲಗ್ಗನ್ನು ಮುಟ್ಟಲಿಲ್ಲ. ಮಸಿ ತಾಗೀತೆಂದು ಪಂಚೆಯ ಅಂಚನ್ನು ಮಾತ್ರ ಆಚೆ ಸರಿಸಿಕೊಂಡರು.

"ಹಂಗಾದ್ರೆ ಮಷಿನ್ದೇ ತಪ್ಪು ಅನ್ನು. ನೀನು ಕೊಟ್ಟಿದ್ದಲ್ವಾ?"

"ತಂತಿ ನಾನು ಕೊಟ್ಟಿದ್ದಲ್ಲ."

"ತಂತಿ ಯಾರ್ ಕಟ್ಟಿದ್ರೋ ಈಗ್ಯಾಕೆ? ಅದೇನೇ ಇರ್ಲಿ, ಆಣೆ ಆಗ್ಲಿ. ಕೆಂಚಯ್ಯಂಗೆ ಹೇಳಾಗಿದೆ, ಆಳುಗಳಿಗೆಲ್ಲ ಗೊತ್ತಾಗಿದೆ. ಈಗ ಬೇಡ ಅಂದ್ರೆ ನನ್ನ ಮರ್ಯಾದೆ ಎಂತ ಆಗ್ಬೇಕು? ಅವ್ನು ಕದ್ದಿಲ್ದಿದ್ರೆ ಹೆದ್ರಿಕೆ ಎಂತಕ್ಕೆ? ಹೇಳ್ತಾನೆ, ಮುಗೀತದೆ."

ಕಾಯಿ ತರಿಸಿ ಆಗಿದೆ, ಇನ್ನು ಒಬ್ಬ ಮನುಷ್ಯನನ್ನು ನಿಲ್ಲಿಸಿ ನೋಡದಿದ್ದರೆ ಕಾಯಿ ದಂಡವಾಗುತ್ತದೆ. ಇಷ್ಟೇ ಅವರ ಲೆಕ್ಕ. ನನ್ನ ಅಪ್ಪನ ಒಡಹುಟ್ಟಿದ ಅಣ್ಣ ಇವರು ಎಂದು ನೆನೆದರೆ ಮೈ ತೊಳೆದುಕೊಳ್ಳಬೇಕು ಅನ್ನಿಸಿತು.

ಮಧ್ಯಾಹ್ನ ಹಣ್ಣು ಕೊಯ್ಯುವವರು ಬುಟ್ಟಿ ಇಳಿಸಿ ಚೌಡಿಯ ಕಲ್ಲಿನ ಹತ್ತಿರ ಸೇರಿದರು. ದೀಪ ಹಚ್ಚುವ ಕೆಂಚಯ್ಯ ಮುದುಕ, ಕಲ್ಲಿಗೆ ಅರಿಶಿನ ಬಳಿದು, ಕಾಯಿ ಒಡೆದು ಪಕ್ಕಕ್ಕೆ ನಿಂತ. ಜವರಮ್ಮ ಎಲ್ಲರಿಗಿಂತ ಹಿಂದೆ, ಕೊಯ್ಲಿನ ಚೀಲವನ್ನು ಸೊಂಟದಿಂದ ಬಿಚ್ಚದೆ ನಿಂತಿದ್ದಳು. ಬೆಳ್ಳಿಯಪ್ಪ ಮತ್ತೊಮ್ಮೆ ನೀರು ಹುಯ್ದುಕೊಂಡು ಬಂದು ದೀಪದ ಮುಂದೆ ನಿಂತ.

ದೊಡ್ಡಪ್ಪ ಗಂಟಲು ಸರಿ ಮಾಡಿಕೊಂಡು ಮಾತು ಹೇಳಿಕೊಟ್ಟರು. "ಹೇಳು. ಸಾವ್ಕಾರ್ರ ಪೆಟ್ರೋಲಲ್ಲಿ ಒಂದು ತೊಟ್ಟನ್ನೂ ನಾನು ನನಗೆ ಅಂತ ತಗಂಡಿಲ್ಲ. ಮನೆಗೂ ಒಯ್ದಿಲ್ಲ, ಮಾರೂ ಇಲ್ಲ, ಇನ್ಯಾವ ರೀತೀಲೂ ಒಂದು ತೊಟ್ಟು ನನ್ನ ಪಾಲಿಗೆ ಬಂದಿಲ್ಲ. ಹೇಳು."

ಬೆಳ್ಳಿಯಪ್ಪ ಅಂಗೈಯನ್ನು ದೀಪದ ಮೇಲೆ ಹಿಡಿದ. "ಸಾವ್ಕಾರ್ರ ಪೆಟ್ರೋಲಲ್ಲಿ ಒಂದು ತೊಟ್ಟನ್ನೂ..." ಎಂದ. ಅಲ್ಲಿಗೆ ನಿಂತ. ಮತ್ತೆ ಶುರು ಮಾಡಿದ, ಮತ್ತೆ ಅಲ್ಲೇ ನಿಂತ. ಕೈ ಹಿಂದಕ್ಕೆ ತೆಗೆದುಕೊಂಡ.

"ಎಂತಾಯ್ತು?" ದೊಡ್ಡಪ್ಪನ ಮುಖ ಅರಳಿತು.

"ಒಂದು ತೊಟ್ಟೂ ಅಂತ ಹೇಳಕ್ಕಾಗಲ್ಲ ಸಾವ್ಕಾರ್ರೆ."

ಹೆಂಗಸರಲ್ಲಿ ಗುಸುಗುಸು ಎದ್ದಿತು. ಬೆಳ್ಳಿಯಪ್ಪ ಚೌಡಿಯ ಕಲ್ಲನ್ನೇ ನೋಡುತ್ತ ಹೇಳಿದ. "ಪೈಪ್ ಎಳೆವಾಗ ಬಾಯಿಗೆ ಬರ್ತದೆ. ಉಗುಳ್ತೀನಿ. ಆದ್ರೂ ಒಂದೊಂದ್ಸಲ ಗಂಟ್ಲಲ್ಲಿ ಇಳ್ದು ಹೋಗ್ತದೆ. ಅದು ನಿಮ್ದೇ ಪೆಟ್ರೋಲಲ್ವಾ? ನನ್ನ ಹೊಟ್ಟೆಗೆ ಹೋಗಿದೆ. ಅಮ್ಮನ ಮುಂದೆ ಸುಳ್ಳು ಹೇಳಕ್ಕಾಗಲ್ಲ. ಕದ್ದಿಲ್ಲ ಅಂತ ಹೇಳ್ತೀನಿ, ಅದನ್ನ ಹೇಳ್ಕೊಡಿ."

ಯಾವ ಮನುಷ್ಯನಾದರೂ ಅಲ್ಲಿಗೆ ತಲೆ ತಗ್ಗಿಸಬೇಕಿತ್ತು. ದೊಡ್ಡಪ್ಪ ನಕ್ಕರು. ಹೊಟ್ಟೆ ಕುಣಿಯುವ ಹಾಗೆ ನಕ್ಕರು.

"ಓಹೋ! ಹೊಟ್ಟೆಗೆ ಹೋಯ್ತಾ? ಎಷ್ಟು ಹೋಯ್ತು ಒಳಗೆ? ಹೇಳು ಮಾರಾಯ, ಎಲ್ರೂ ಕೇಳ್ಲಿ. ಎಷ್ಟು ಹೋಯ್ತು?"

"ಗೊತ್ತಿಲ್ಲ ಸಾವ್ಕಾರ್ರೆ. ಹೆಂಗೆ ಗೊತ್ತಾಗ್ತದೆ?"

"ಕೇಳಿದ್ರಲ್ಲ ಎಲ್ರೂ? ಅವ್ನ ಬಾಯಲ್ಲೇ ಬಂತು. ಆಣೆ ಮಾಡಲ್ವಂತೆ. ಇನ್ನೆಂತ ಬೇಕು?"

ನಾನು ಮುಂದೆ ಬಂದು, "ಆ ಬಾಯಿಗೆ ಪೈಪ್ ಇಡ್ಸಿದ್ದು ನೀವೇ" ಎಂದೆ. ದೊಡ್ಡಪ್ಪ ನೊಣ ಓಡಿಸುವಂತೆ ಕೈ ಬೀಸಿದರು. ಅಷ್ಟರಲ್ಲಿ ಹಿಂದಿನಿಂದ ಜವರಮ್ಮ ಗುಂಪನ್ನು ಸೀಳಿಕೊಂಡು ಬಂದಳು. ಅವಳು ದೊಡ್ಡಪ್ಪನನ್ನು ನೋಡಲಿಲ್ಲ, ಕೆಂಚಯ್ಯನನ್ನು ಕೇಳಿದಳು.

"ಕೆಂಚಯ್ಯ, ಒಬ್ರು ಹಿಂದೆ ಸರಿದ್ರೆ ದೀಪ ಆರ್ಸಿ ಹೋಗೋದಾ? ಇಲ್ಲ ದೂರು ತಂದವ್ರು ಕೈ ಇಡ್ಬೇಕಾ?"

"ದೂರು ತಂದವ್ರು ಇಡ್ಬೇಕು. ಮೊದ್ಲಿಂದ ಹಂಗೇ, ಯಾರೂ ಕೇಳಲ್ಲ ಅಷ್ಟೇ" ಎಂದ ಕೆಂಚಯ್ಯ.

"ಹಂಗಾದ್ರೆ ಸಾವ್ಕಾರ್ರು ಇಡ್ಲಿ. ಬೆಳ್ಳಿಯಪ್ಪ ಪೆಟ್ರೋಲ್ ಕದ್ದಿದಾನೆ, ಇದು ನಿಜ ಅಂತ ದೀಪದ ಮೇಲೆ ಕೈ ಇಟ್ಟು ಹೇಳ್ಬಿಡ್ಲಿ. ನಾವು ಇವತ್ತೇ ಮನೆ ಖಾಲಿ ಮಾಡ್ತೀವಿ. ಒಂದ್ ಮಾತು ಆಡಲ್ಲ."

ಎಲ್ಲರೂ ದೊಡ್ಡಪ್ಪನ ಕೈಯನ್ನೇ ನೋಡಿದರು. ಉಂಗುರಗಳಿದ್ದ ಆ ಕೈ ದೀಪದ ಕಡೆಗೆ ಒಂದಿಷ್ಟು ಎದ್ದಿತು, ಪಂಚೆಯ ಮೇಲೆ ಇಳಿಯಿತು, ಮತ್ತೆ ಎದ್ದು ಹಣೆಯ ಬೆವರು ಒರೆಸಿತು. ಬೆಳಿಗ್ಗೆ ನಾನು ಕೊಟ್ಟ ತಂತಿ ಅವರ ಕಣ್ಣ ಮುಂದೆ ಬಂದಿತ್ತೋ, ಚೌಡಿಯ ಮುಂದೆ ಸುಳ್ಳು ಆಣೆ ಮಾಡಿ ರಕ್ತ ಕಾರಿ ಸತ್ತವರ ಕತೆಗಳು ನೆನಪಾದವೋ ಗೊತ್ತಿಲ್ಲ. ಕೊನೆಗೆ ಅವರು ಗಡಿಯಾರ ನೋಡಿಕೊಂಡರು.

"ಇದೆಲ್ಲ ಎಂತ ಮಾರಾಯ್ರೆ? ಯಾವ ಕಾಲದಲ್ಲಿದೀರಿ? ಕಲ್ಲಿನ ಮುಂದೆ ಆಣೆ ಗೀಣೆ ಅಂತ! ಮೂಢನಂಬಿಕೆ! ಫೋಟೊದವ್ರು ಬರೋ ಹೊತ್ತಾಯ್ತು, ನಡೀರಿ ಎಲ್ಲ ಕೆಲ್ಸಕ್ಕೆ. ಬೆಳ್ಳಿಯಪ್ಪ, ಹೋಗು, ಹುಲ್ಲು ಹೊಡಿ. ಆಗಿದ್ದು ಆಯ್ತು, ನಾನು ಕ್ಷಮಿಸಿದೀನಿ."

ಕ್ಷಮಿಸಿದ್ದಾರಂತೆ! ನನಗೆ ಆ ಮಾತು ಕೇಳಿ ಉಗುಳಬೇಕೆನ್ನಿಸಿತು. ಚೌಡಿಯ ಜಾಗವಾದ್ದರಿಂದ ಸುಮ್ಮನಾದೆ. ಆದರೆ ಆಳುಗಳು ದೊಡ್ಡವರ ಕೈ ಎಲ್ಲಿಯವರೆಗೆ ಹೋಗಿ ತಿರುಗಿತೆಂದು ನೋಡಿದ್ದರು. ಹೆಂಗಸರು ಬುಟ್ಟಿ ಎತ್ತಿಕೊಂಡು ಹೋಗುವಾಗ ಒಬ್ಬೊಬ್ಬರೂ ಜವರಮ್ಮನ ಭುಜ ಮುಟ್ಟಿ ಹೋದರು. ಕೆಂಚಯ್ಯ ಒಡೆದ ಕಾಯಿಯ ಒಂದು ಹೋಳನ್ನು ಬೆಳ್ಳಿಯಪ್ಪನ ಕೈಗೆ ಕೊಟ್ಟ. ಇನ್ನೊಂದನ್ನು ದೊಡ್ಡಪ್ಪನಿಗೆ ಕೊಡಲು ಅವರು ಅಲ್ಲಿರಲಿಲ್ಲ.

ನಾವು ಲಾನಿಗೆ ಬರುವ ಹೊತ್ತಿಗೆ ಹಾಸನದ ಕಾರು ಬಂದು ನಿಂತಿತ್ತು. ಮದುವೆ ಹುಡುಗಿ ಉದ್ದನೆಯ ಗೌನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, "ಗ್ರಾಸ್ ಇಷ್ಟುದ್ದ ಇದೆಯಲ್ಲ?" ಎಂದು ಮುಖ ಸಿಂಡರಿಸುತ್ತಿದ್ದಳು. ಅದೇ ಹೊತ್ತಿಗೆ ಯೋಗೇಶ್ ತುಂಬಿದ ಟ್ಯಾಂಕಿನ ಸ್ಕೂಟರ್ ತಂದು ನಿಲ್ಲಿಸಿ, ಸೀಟು ಎತ್ತಿ, ಶೆಡ್ಡಿನ ಮೊಳೆಯಿಂದ ಹಸಿರು ಪೈಪು ತಂದು ಬೆಳ್ಳಿಯಪ್ಪನ ಮುಂದೆ ಹಿಡಿದ.

ಬೆಳ್ಳಿಯಪ್ಪ ಕೈ ಚಾಚಲಿಲ್ಲ.

"ಹುಲ್ಲು ಹೊಡಿತೀನಿ. ಪೈಪು ಎಳೆಯಲ್ಲ."

"ಎಂತಕ್ಕೆ?" ದೊಡ್ಡಪ್ಪ ಗದರಿದರು.

"ಮತ್ತೆ ಹೊಟ್ಟೆಗೆ ಹೋದ್ರೆ, ಇನ್ನೊಂದ್ಸಲ ಕೇಳಿದ್ರೆ ನಾನೆಂತ ಹೇಳ್ಲಿ ಸಾವ್ಕಾರ್ರೆ? ನಂಗೆ ಆ ದೀಪದ ಮುಂದೆ ಮತ್ತೆ ನಿಲ್ಲಕ್ಕಾಗಲ್ಲ."

ಅವನ ದನಿಯಲ್ಲಿ ಹಟವಿರಲಿಲ್ಲ. ಮೈ ಇನ್ನೂ ಆರಿರಲಿಲ್ಲ, ಹಲ್ಲು ಕಟಕಟ ಅನ್ನುತ್ತಿತ್ತು. ದೊಡ್ಡಪ್ಪ ಯೋಗೇಶನ ಕಡೆಗೆ ತಿರುಗಿದರು. ಯೋಗೇಶ್ ಎರಡು ಹೆಜ್ಜೆ ಹಿಂದೆ ಹೋಗಿ, "ನಂಗೆ ಬಾಯಿ ಹುಣ್ಣಾಗಿದೆ ಸಾರ್" ಎಂದ. ಬೆಳಿಗ್ಗೆ ಅವನು ಪೇಟೆಯಲ್ಲಿ ಖಾರದ ಮಂಡಕ್ಕಿ ತಿನ್ನುತ್ತಲೇ ನನ್ನ ಫೋನಿಗೆ ಉತ್ತರ ಕೊಟ್ಟಿದ್ದ. ಮದುವೆ ಹುಡುಗ ವಾಚು ತೋರಿಸಿ, ಬಿಸಿಲು ಹೋದರೆ ಫೋಟೊ ಬರುವುದಿಲ್ಲ, ನಾವು ಬೇರೆ ಕಡೆ ನೋಡಿಕೊಳ್ಳುತ್ತೇವೆ ಎಂದ.

"ಅದೇನ್ ದೊಡ್ಡ ವಿದ್ಯೆ? ಕೊಡಿಲ್ಲಿ" ಎಂದು ದೊಡ್ಡಪ್ಪ ಪೈಪು ಕಿತ್ತುಕೊಂಡರು.

ಕೈಪಂಪು ನನ್ನ ಕಾರಿನ ಡಿಕ್ಕಿಯಲ್ಲಿತ್ತು. ಕಾರು ಅಲ್ಲೇ ಸ್ಕೂಟರಿನ ಹಿಂದೆಯೇ ನಿಂತಿತ್ತು, ಕೀ ನನ್ನ ಕೈಯಲ್ಲಿತ್ತು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಹೇಳಲಿಲ್ಲ. ಹೇಳುವ ಮನಸ್ಸು ಒಂದು ಚೂರೂ ಬರಲಿಲ್ಲ.

ದೊಡ್ಡಪ್ಪ ಪಂಚೆ ಎತ್ತಿ ಕಟ್ಟಿ, ಸ್ಕೂಟರಿನ ಪಕ್ಕ ಮಂಡಿಯೂರಿದರು. ಪೈಪಿನ ತುದಿಯಲ್ಲಿ ಬೆಳ್ಳಿಯಪ್ಪನ ಹಲ್ಲಿನ ಗುರುತು ಕಂಡಿತೇನೋ, ಅದನ್ನು ಪಂಚೆಯಿಂದ ಒರೆಸಿ ಒರೆಸಿ ಬಾಯಿಗೆ ಇಟ್ಟುಕೊಂಡರು. ಮೊದಲ ಎಳೆತಕ್ಕೆ ಏನೂ ಬರಲಿಲ್ಲ. "ಮೆತ್ತಗೆ ಸಾವ್ಕಾರ್ರೆ, ಬರ್ತಾ ಇದ್ದಂಗೇ ಬಿಟ್ಬಿಡಿ" ಎಂದ ಬೆಳ್ಳಿಯಪ್ಪ. ಅವನ ಮಾತು ಕೇಳುವುದೇ ಅವಮಾನವೆಂಬಂತೆ ದೊಡ್ಡಪ್ಪ ಕೆನ್ನೆ ಒಳಕ್ಕೆ ಹೋಗುವಷ್ಟು ಜೋರಾಗಿ ಎಳೆದರು.

ಬಂತು. ಬಾಯಿ ತುಂಬ ಬಂತು. ಪೈಪು ಕೈತಪ್ಪಿ ಹಾರಿತು, ಪೆಟ್ರೋಲ್ ವಿಭೂತಿಯ ಮೇಲೆ, ಬಿಳಿ ಪಂಚೆಯ ಮೇಲೆ ಚೆಲ್ಲಿತು. ದೊಡ್ಡಪ್ಪ ಕಣ್ಣು ಹೊರಗೆ ಬರುವ ಹಾಗೆ ಕೆಮ್ಮಿ, ನುಂಗಿ, ಉಸಿರು ಸಿಗದೆ ತಮ್ಮ ಲಾನಿನ ಮೇಲೆ ನಾಲ್ಕು ಕಾಲಿನಲ್ಲಿ ಬಗ್ಗಿದರು. ಬೆಳಗಿನ ಕಾಫಿ, ಇಡ್ಲಿ, ಎಲ್ಲ ಹುಲ್ಲಿನ ಮೇಲೆ ಬಂತು. ಮದುವೆ ಹುಡುಗಿ ಮೂಗು ಮುಚ್ಚಿಕೊಂಡು ಕಾರಿನ ಕಡೆಗೆ ಓಡಿದಳು. ಯೋಗೇಶ್ ಬೇರೆ ಕಡೆ ನೋಡುತ್ತ ನಿಂತ.

ಓಡಿ ಬಂದವನು ಬೆಳ್ಳಿಯಪ್ಪನೇ. ಚೊಂಬಿನಲ್ಲಿ ನೀರು ತಂದು, ಒಂದು ಕೈಯಲ್ಲಿ ದೊಡ್ಡಪ್ಪನ ಬೆನ್ನು ಹಿಡಿದು, ಇನ್ನೊಂದರಲ್ಲಿ ಚೊಂಬನ್ನು ಅವರ ಬಾಯಿಗೆ ಹಿಡಿದ.

"ಕುಡೀಬೇಡಿ, ಬರೀ ಮುಕ್ಕಳ್ಸಿ ಉಗುಳಿ. ಹಾಂ. ಇನ್ನೊಂದ್ಸಲ. ಹೆದ್ರಬೇಡಿ, ಸಂಜೆ ತಂಕ ತೇಗು ಬಂದಾಗೆಲ್ಲ ಅದೇ ವಾಸ್ನೆ ಬರ್ತದೆ. ಅನ್ನ ಸೇರಲ್ಲ. ಜಾಸ್ತಿ ಹೋಗಿದ್ರೆ ಪೇಟೆಗೆ ಡಾಕ್ಟ್ರ ಹತ್ರ ಹೋಗ್ಬೇಕು, ಸ್ವಲ್ಪ ಆದ್ರೆ ನಾಳೆಗೆ ಸರಿ ಆಗ್ತದೆ."

ಆಮೇಲೆ ಅವನು ದೊಡ್ಡಪ್ಪನ ಮುಖದ ಹತ್ತಿರ ಬಗ್ಗಿ, ನಿಜವಾದ ಕಾಳಜಿಯಿಂದ ಕೇಳಿದ.

"ಎಷ್ಟು ಹೋಯ್ತು ಸಾವ್ಕಾರ್ರೆ ಒಳಗೆ?"

ದೊಡ್ಡಪ್ಪ ಬಾಯಿ ತೆರೆದರು. ಬೆಳ್ಳಿಯಪ್ಪ ಚೊಂಬು ಹಿಡಿದು ಕಾಯುತ್ತಲೇ ಇದ್ದ. ಎಷ್ಟೆಂದು ಅವರಿಗೂ ಗೊತ್ತಿರಲಿಲ್ಲ.